ದಾದಿ ಬೇಕಾಗಿದ್ದಾರೆ: ಹಿಮದ ಅನುಭವವುಳ್ಳವರಿಗೆ ಆದ್ಯತೆ

ಶಿವಮೊಗ್ಗದ ಹೊರವಲಯದಲ್ಲಿ, ಫಲ ಕೊಡುತ್ತಿದ್ದ ಅಡಕೆ ತೋಟವೊಂದನ್ನು ಕಡಿದು ಎಬ್ಬಿಸಿದ ಖಾಸಗಿ ವಸತಿ ಶಾಲೆಯೊಂದು ಕಳೆದ ಬೇಸಿಗೆಯಲ್ಲಿ ಶಾಲಾ ದಾದಿಯ ಹುದ್ದೆಗೆ ಅರ್ಜಿ ಕರೆದಿತ್ತು. ಪ್ರಕಟಣೆ ಒಂದೂವರೆ ಪುಟವಿತ್ತು. ಅಭ್ಯರ್ಥಿಯು ನೋಂದಾಯಿತ ಶುಶ್ರೂಷಕಿಯಾಗಿರಬೇಕು, ಶಾಲಾ ದಾದಿಯಾಗಿ ಕನಿಷ್ಠ ಮೂರು ವರ್ಷ ದುಡಿದಿರಬೇಕು, ಎನ್‌ಸಿಎಸ್‌ಎನ್ ಎಂಬ ಪ್ರಮಾಣಪತ್ರ ಪಡೆದಿರಬೇಕು, ಕಡಲೆಕಾಯಿ ಒಗ್ಗದ ಮಕ್ಕಳನ್ನು ನೋಡಿಕೊಳ್ಳಲು ಬಲ್ಲವರಾಗಿರಬೇಕು ಮತ್ತು ಹಿಮ ಸುರಿಯುವ ದಿನಗಳಲ್ಲಿಯೂ ಸ್ವಂತ ವಾಹನದಲ್ಲಿ ಕರ್ತವ್ಯಕ್ಕೆ ಹಾಜರಾಗಲು ಸಿದ್ಧರಿರಬೇಕು ಎಂದು ಅದರಲ್ಲಿ ಸ್ಪಷ್ಟವಾಗಿ ಮುದ್ರಿತವಾಗಿತ್ತು. ಸಂಬಳವೆಷ್ಟು ಎಂಬುದು ಮಾತ್ರ ಆ ಒಂದೂವರೆ ಪುಟದಲ್ಲಿ ಎಲ್ಲಿಯೂ ಹಿಡಿಸಿರಲಿಲ್ಲ.

ಆಗುಂಬೆಯಲ್ಲಿ ಮಳೆ ಸುರಿಯುವುದನ್ನು ಕಂಡಿದ್ದೇವೆ, ಮಾಗಿಯ ಬೆಳಗಿನಲ್ಲಿ ಎದುರಿನ ಮರ ಕಾಣದಷ್ಟು ಮಂಜು ಕವಿಯುವುದನ್ನೂ ಕಂಡಿದ್ದೇವೆ. ಆದರೆ ತುಂಗೆಯ ದಡದಲ್ಲಿ ಹಿಮ ಬೀಳುವುದಕ್ಕೆ ಶಾಲೆಯೊಂದು ಇಷ್ಟು ಮುಂಚಿತವಾಗಿ ಸಿದ್ಧತೆ ಮಾಡಿಕೊಂಡಿರುವುದು ಇದೇ ಮೊದಲು. ಪ್ರಕಟಣೆಯನ್ನು ಅಮೆರಿಕದ ಯಾವುದೋ ಶಾಲೆಯಿಂದ ನಕಲು ಮಾಡಿದ್ದಾರೆ ಎಂದು ಊಹಿಸಲು ಹೆಚ್ಚಿನ ಬುದ್ಧಿ ಬೇಕಿಲ್ಲ. ನಮ್ಮಲ್ಲಿ ಮಕ್ಕಳು ನಕಲು ಮಾಡಿದರೆ ಡಿಬಾರ್ ಮಾಡುತ್ತಾರೆ, ಶಾಲೆ ನಕಲು ಮಾಡಿದರೆ ಅದನ್ನು ಅಂತರರಾಷ್ಟ್ರೀಯ ಗುಣಮಟ್ಟ ಎನ್ನುತ್ತಾರೆ.

ಎನ್‌ಸಿಎಸ್‌ಎನ್ ಎಂಬುದು ಅಮೆರಿಕದ ರಾಷ್ಟ್ರಮಟ್ಟದ ಶಾಲಾ ದಾದಿ ಪ್ರಮಾಣಪತ್ರ. ಅಲ್ಲಿನ ಶುಶ್ರೂಷಾ ಪರವಾನಗಿ ಮತ್ತು ಪದವಿ ಇದ್ದವರು, ಶಾಲೆಗಳಲ್ಲಿ ಕೆಲಸ ಮಾಡಿದ ಮೇಲೆ, ತಮ್ಮ ಇಚ್ಛೆಯಿಂದ ಪರೀಕ್ಷೆ ಬರೆದು ಅದನ್ನು ಪಡೆಯುತ್ತಾರೆ. ಐದು ವರ್ಷಕ್ಕೊಮ್ಮೆ ನವೀಕರಿಸಿಕೊಳ್ಳುತ್ತಾರೆ. ಅಂದರೆ ಅದು ಕೆಲಸ ಮಾಡಿದವರಿಗೆ ಸಿಗುವ ಮನ್ನಣೆಯೇ ಹೊರತು ಕೆಲಸಕ್ಕೆ ಸೇರಿಸಿಕೊಳ್ಳಲು ಹಾಕುವ ಅಡ್ಡಗೋಡೆಯಲ್ಲ. ದಾದಿಯರಿಗೆ ಯಾವ ಯಾವ ಪ್ರಮಾಣಪತ್ರ ಬೇಕು ಎಂಬುದು ಆ ದೇಶದಲ್ಲಿಯೇ ರಾಜ್ಯದಿಂದ ರಾಜ್ಯಕ್ಕೆ ಬೇರೆ ಬೇರೆ. ನಮ್ಮ ಶಾಲೆಯವರು ಮಾತ್ರ ಎಲ್ಲ ರಾಜ್ಯಗಳ ನಿಯಮಗಳನ್ನೂ ಒಟ್ಟು ಸೇರಿಸಿ, ಮೇಲೊಂದಿಷ್ಟು ಹಿಮ ಉದುರಿಸಿ, ಶಿವಮೊಗ್ಗದಲ್ಲಿ ಬಡಿಸಿದ್ದರು.

ನನ್ನ ಅಕ್ಕನ ಮಗಳು ಜಿಎನ್‌ಎಂ ಎಂಬ ಶುಶ್ರೂಷಾ ಡಿಪ್ಲೊಮಾ ಓದಿದವಳು. ಪಿಯುಸಿಯ ಅನಂತರ ಮೂರು ವರ್ಷ ಓದಿ, ಆಸ್ಪತ್ರೆಯ ವಾರ್ಡುಗಳಲ್ಲಿ ರಾತ್ರಿಪಾಳಿ ಮಾಡಿ, ಪರೀಕ್ಷೆ ಪಾಸಾಗಿ, ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ನೋಂದಣಿ ಮಾಡಿಸಿಕೊಂಡು, ಎರಡು ವರ್ಷ ಗುತ್ತಿಗೆಯ ಮೇಲೆ ಮಕ್ಕಳ ವಾರ್ಡಿನಲ್ಲಿ ದುಡಿದಿದ್ದಾಳೆ. ಶಾಲಾ ಆರೋಗ್ಯವೆಂಬುದು ಅವಳ ಪಠ್ಯದ ಸಮುದಾಯ ಶುಶ್ರೂಷೆಯಲ್ಲಿಯೇ ಬರುವ ಪಾಠ. ಈ ದೇಶದ ಕಾನೂನಿನ ಪ್ರಕಾರ ದಾದಿ ಎನ್ನಿಸಿಕೊಳ್ಳಲು ಇದಕ್ಕಿಂತ ಹೆಚ್ಚಿನದು ಬೇಕಿಲ್ಲ. ಅಕ್ಕ ಹಟ ಹಿಡಿದಳೆಂದು ಅವಳು ಸಂದರ್ಶನಕ್ಕೆ ಹೋದಳು. ಅಲ್ಲಿ ಆಡಳಿತಾಧಿಕಾರಿ, ಇಂಗ್ಲಿಷ್ ಶಿಕ್ಷಕಿ ಮತ್ತು ಅಡಕೆ ಮಂಡಿಯ ಒಬ್ಬ ಟ್ರಸ್ಟಿ ಕುಳಿತಿದ್ದರು. ಶುಶ್ರೂಷೆಯ ಗಂಧವಿದ್ದವಳು ಆ ಕೋಣೆಯಲ್ಲಿ ಅವಳೊಬ್ಬಳೇ.

ಎನ್‌ಸಿಎಸ್‌ಎನ್ ಏಕಿಲ್ಲ ಎಂದು ಟ್ರಸ್ಟಿ ಕೇಳಿದರು. ‘ಸರ್, ಅದಕ್ಕೆ ಅಮೆರಿಕದ ಪರವಾನಗಿ ಬೇಕಾಗುತ್ತದೆ’ ಎಂದು ಇವಳು ಹೇಳಿದಳು. ‘ಹಾಗಾದರೆ ತರಿಸಿಕೊಂಡುಬಿಡಮ್ಮ, ಈಗ ಕೊರಿಯರ್ ಎಲ್ಲಿಂದ ಬೇಕಾದರೂ ಬರುತ್ತದಲ್ಲ’ ಎಂದು ಅವರು ಸಮಾಧಾನ ಹೇಳಿದರು. ಮೂರು ವರ್ಷದ ಶಾಲಾ ಅನುಭವದ ಮಾತು ಬಂತು. ಇಂಥ ಹುದ್ದೆಯಿರುವ ಖಾಸಗಿ ಶಾಲೆ ತನಗೆ ತಿಳಿದಂತೆ ಈ ಸುತ್ತಿನಲ್ಲಿ ಇದೊಂದೇ ಎಂದೂ, ಇಲ್ಲಿ ಈವರೆಗೆ ಯಾರನ್ನೂ ನೇಮಿಸಿಲ್ಲವೆಂದೂ ಅವಳು ವಿನಯದಿಂದ ತಿಳಿಸಿದಾಗ, ಅದಕ್ಕೇ ಅನುಭವಸ್ಥರು ಬೇಕೆಂದು ಕೇಳುತ್ತಿದ್ದೇವೆ ಎಂಬ ಉತ್ತರ ದೊರೆಯಿತು. ಕೊನೆಗೆ ಆಡಳಿತಾಧಿಕಾರಿ ಒಂದು ವೃತ್ತಿಪರ ಪ್ರಶ್ನೆ ಕೇಳಿದರು: ಮಗುವೊಂದು ಜೋಕಾಲಿಯಿಂದ ಬಿದ್ದು ಪ್ರಜ್ಞೆ ತಪ್ಪಿದರೆ ಮೊದಲು ಏನು ಮಾಡುತ್ತೀರಿ? ಉಸಿರಾಟ ನೋಡುತ್ತೇನೆ, ಕುತ್ತಿಗೆ ಅಲುಗದಂತೆ ಹಿಡಿಯುತ್ತೇನೆ, 108ಕ್ಕೆ ಕರೆ ಮಾಡಿಸುತ್ತೇನೆ ಎಂದಳು. ಅದು ತಪ್ಪು ಉತ್ತರವಾಗಿತ್ತು. ಮೊದಲು ಕಚೇರಿಗೆ ತಿಳಿಸಬೇಕು. ಆಂಬ್ಯುಲೆನ್ಸು ಹಿಂದಿನ ಗೇಟಿನಿಂದ ಬರುವಂತೆ ನೋಡಿಕೊಳ್ಳಬೇಕು, ಏಕೆಂದರೆ ಮುಂದಿನ ಗೇಟಿನಲ್ಲಿ ದಾಖಲಾತಿಗೆ ಬಂದ ಪೋಷಕರಿರುತ್ತಾರೆ.

ಹುದ್ದೆ ಖಾಲಿ ಉಳಿಯಲಿಲ್ಲ. ಸ್ವಾಗತಕಾರಿಣಿಗೆ ಬಿಳಿ ಕೋಟು ತೊಡಿಸಿ ಹೆಚ್ಚುವರಿ ಪ್ರಭಾರ ವಹಿಸಲಾಗಿದೆ. ಆಕೆ ಮನೆಯಲ್ಲಿಯೇ ಕುಳಿತು ನಾಲ್ಕು ಗಂಟೆಗಳ ಪ್ರಥಮ ಚಿಕಿತ್ಸೆಯ ಕೋರ್ಸ್ ಮುಗಿಸಿದ್ದಾರೆ, ಅದರ ಪ್ರಮಾಣಪತ್ರಕ್ಕೆ ಚಿನ್ನದ ಬಣ್ಣದ ಅಂಚಿದೆ. ಪರಿಷತ್ತಿನ ನೋಂದಣಿ ಪತ್ರಕ್ಕೆ ಅಂಥ ಅಂಚಿಲ್ಲ ಎಂಬುದನ್ನು ನ್ಯಾಯದ ದೃಷ್ಟಿಯಿಂದ ಒಪ್ಪಲೇಬೇಕು.

ಖಾಸಗಿಯವರ ಮಾತು ಬಿಡಿ, ಸರ್ಕಾರದ ಕಡೆ ನೋಡಿದರೆ ಅಲ್ಲಿ ಇಷ್ಟು ಗೊಂದಲವಿಲ್ಲ. ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ದಾದಿಯ ಹುದ್ದೆಯೇ ಇಲ್ಲದಿರುವುದರಿಂದ ಅರ್ಹತೆಯ ಪ್ರಶ್ನೆಯೂ ಏಳುವುದಿಲ್ಲ. ನವೋದಯದಂಥ, ಮೊರಾರ್ಜಿ ದೇಸಾಯಿ ಶಾಲೆಯಂಥ ವಸತಿ ಶಾಲೆಗಳಿಗೆ ಶುಶ್ರೂಷಕಿಯರ ಹುದ್ದೆಯಿದೆ. ಶಾಲೆಯಲ್ಲಿ ಮಲಗುವ ಮಗುವಿಗೆ ಜ್ವರ ಬರಬಹುದು, ಶಾಲೆಗೆ ನಡೆದು ಬರುವ ಮಗುವಿಗೆ ಬರಲಾರದು ಎಂಬುದು ಇದರ ಹಿಂದಿನ ವೈದ್ಯಕೀಯ ತತ್ತ್ವವಿರಬೇಕು.

ಆ ನಡೆದು ಬರುವ ಮಗುವಿನ ದಾರಿಯನ್ನು ಒಮ್ಮೆ ನೋಡಬೇಕು. ಹೊಸನಗರ ತಾಲ್ಲೂಕಿನ ನಮ್ಮೂರಿನಲ್ಲಿ ಮಳೆಗಾಲದ ಬೆಳಿಗ್ಗೆ ಶಾಲೆಗೆ ಹೊರಟ ಮಗು ಪಾಚಿಗಟ್ಟಿದ ಕಾಲುಸಂಕ ದಾಟಿ, ತರಗೆಲೆಯ ಮೇಲೆ ನಡೆದು ತರಗತಿಗೆ ಬರುವಷ್ಟರಲ್ಲಿ ಬೆರಳ ಸಂದಿಯಲ್ಲಿ ರಕ್ತ ಹೀರುವ ನಾಲ್ಕು ಇಂಬಳ ಇರುತ್ತವೆ. ಅದಕ್ಕೆ ಸುಣ್ಣ ಮುಟ್ಟಿಸುವ ತಜ್ಞತೆ ಬಿಸಿಯೂಟದ ಅಡುಗೆ ಅಕ್ಕನದು. ಅವರಿಗೆ ಯಾವ ಪ್ರಮಾಣಪತ್ರವೂ ಇಲ್ಲ, ಎಲೆಯಡಿಕೆಯ ಚೀಲವಿದೆ. ಬೇಸಿಗೆ ಬಂದರೆ ಉಣುಗಿನ, ಅಂದರೆ ಮೈಗೆ ಕಚ್ಚಿ ರಕ್ತ ಹೀರುವ ಉಣ್ಣೆಹುಳುವಿನ ಕಾಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಆ ಉಣುಗಿನಿಂದಲೇ ಹರಡುತ್ತದೆ. ಕಾಡಂಚಿನ ಮನೆಗಳಿಗೆ ಉಣುಗು ಕಚ್ಚದಂತೆ ಮೈಗೆ ಹಚ್ಚುವ ಡೆಪಾ ತೈಲ ಹಂಚುವುದು, ಮಂಗ ಸತ್ತು ಬಿದ್ದರೆ ಸುದ್ದಿ ಮುಟ್ಟಿಸುವುದು ನಮ್ಮಲ್ಲಿ ವರ್ಷವರ್ಷದ ಕೆಲಸ. ತರಗತಿಯಲ್ಲಿ ತಲೆನೋವೆಂದು ಮೇಜಿನ ಮೇಲೆ ಒರಗಿದ ಹುಡುಗನಿಗೆ ನಿನ್ನೆಯ ಕ್ರಿಕೆಟ್ಟಿನ ಬಿಸಿಲು ತಾಗಿದೆಯೋ, ಮೊನ್ನೆ ಒಣಗಿದೆಲೆಯ ದರಗು ಗುಡಿಸಲು ಕಾಡಿಗೆ ಹೋದಾಗ ಉಣುಗು ಕಚ್ಚಿದೆಯೋ ಎಂದು ವಿಚಾರಿಸಿ ಆಸ್ಪತ್ರೆಗೆ ಕಳಿಸಲು ಒಬ್ಬರಿರಬೇಕಲ್ಲವೇ? ಹಾವು ಕಚ್ಚಿದ ಕಾಲಿಗೆ ಬಿಗಿಯಾಗಿ ಹಗ್ಗ ಕಟ್ಟಬಾರದು, ಬ್ಲೇಡಿನಿಂದ ಕೊಯ್ಯಬಾರದು, ಅಲುಗಿಸದೆ ಆಸ್ಪತ್ರೆಗೆ ಒಯ್ಯಬೇಕು ಎಂದು ಗಲಾಟೆಯ ನಡುವೆ ಗಟ್ಟಿಯಾಗಿ ಹೇಳುವವರು ಬೇಕಲ್ಲವೇ? ಮಲೆನಾಡಿನ ಶಾಲಾ ದಾದಿಯ ಪ್ರಶ್ನೆಪತ್ರಿಕೆ ಎಂದರೆ ಇದು. ಇದರಲ್ಲಿ ಹಿಮಕ್ಕೆ ಅರ್ಧ ಅಂಕವೂ ಇಲ್ಲ.

ಈ ಪರೀಕ್ಷೆಯನ್ನು ಸದ್ಯ ಬರೆಯುತ್ತಿರುವವರು ಮುಖ್ಯ ಶಿಕ್ಷಕರು. ವಾರಕ್ಕೊಮ್ಮೆ ಊಟದ ಮೇಲೆ ಕಬ್ಬಿಣಾಂಶದ ಮಾತ್ರೆಯನ್ನು, ಐದನೆಯ ತರಗತಿಯವರೆಗೆ ಗುಲಾಬಿ, ಆರರಿಂದ ಮೇಲೆ ನೀಲಿ ಎಂದು ಬಣ್ಣ ತಪ್ಪದೆ ನುಂಗಿಸುವವರು ಅವರು. ಜಂತುಹುಳುವಿನ 400 ಮಿಲಿಗ್ರಾಂ ಮಾತ್ರೆಯನ್ನು ಅಗಿಸುವವರೂ ಅವರೇ. 2020ರಲ್ಲಿ ಆರಂಭವಾದ ಕೇಂದ್ರದ ಶಾಲಾ ಆರೋಗ್ಯ ಕಾರ್ಯಕ್ರಮ ಪ್ರತಿ ಶಾಲೆಯಲ್ಲಿ ಇಬ್ಬರು ಶಿಕ್ಷಕರನ್ನು, ಸಾಧ್ಯವಾದರೆ ಒಬ್ಬ ಪುರುಷ ಮತ್ತು ಒಬ್ಬ ಮಹಿಳೆಯನ್ನು, ಆರೋಗ್ಯ ರಾಯಭಾರಿಗಳೆಂದು ಕರೆಯುತ್ತದೆ. ನಮ್ಮೂರ ಶಾಲೆಯಲ್ಲಿ ಇರುವುದೇ ಒಬ್ಬ ಮೇಷ್ಟರು, ಒಬ್ಬರು ಅತಿಥಿ ಶಿಕ್ಷಕಿ. ಹೀಗಾಗಿ ಇಡೀ ಶಾಲೆಯೇ ರಾಯಭಾರ ಕಚೇರಿಯಾಗಿದೆ. ಪಾಠ ಮಾಡುವವರು ಯಾರು ಎಂದು ಕೇಳುವುದು ರಾಜತಾಂತ್ರಿಕ ಶಿಷ್ಟಾಚಾರಕ್ಕೆ ವಿರುದ್ಧ.

ನಿಜವಾದ ಶುಶ್ರೂಷಕಿ ಶಾಲೆಗೆ ಬರುವುದೇ ಇಲ್ಲವೆಂದರೆ ಸುಳ್ಳಾಗುತ್ತದೆ. 2013ರಲ್ಲಿ ಆರಂಭವಾದ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವಾಹನದಲ್ಲಿ ವೈದ್ಯರ ಜೊತೆಗೆ ಅವರೂ ಬರುತ್ತಾರೆ, ಶ್ರದ್ಧೆಯಿಂದ ತಪಾಸಣೆಯನ್ನೂ ಮಾಡುತ್ತಾರೆ. ಶಾಲೆಗಳಿಗೆ ಅದು ವರ್ಷಕ್ಕೊಂದು ಸಲ. ಉಳಿದ ದಿನಗಳಲ್ಲಿ ಬೀಳುವ ಮಕ್ಕಳು ತಮ್ಮ ಬೀಳುವಿಕೆಯನ್ನು ಆ ದಿನಾಂಕಕ್ಕೆ ಹೊಂದಿಸಿಕೊಳ್ಳುವ ಶಿಸ್ತನ್ನು ಇನ್ನೂ ಕಲಿತಿಲ್ಲ. ಇಲಾಖೆಯೂ ಕೈಕಟ್ಟಿ ಕುಳಿತಿಲ್ಲ: ಕಿರಿಯ ಆರೋಗ್ಯ ಸಹಾಯಕಿಯರನ್ನು ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿಗಳೆಂದೂ, ಸ್ಟಾಫ್ ನರ್ಸುಗಳನ್ನು ಶುಶ್ರೂಷಾಧಿಕಾರಿಗಳೆಂದೂ ಹೆಸರು ಬದಲಿಸಿದೆ. ಹೆಸರು ಇಷ್ಟು ಉದ್ದವಾದ ಮೇಲೂ ಹಳ್ಳಿಯ ಶಾಲೆಯ ಬಾಗಿಲಿಗೆ ಅದು ತಲುಪಿಲ್ಲವೆಂದರೆ ರಸ್ತೆಯದ್ದೇ ತಪ್ಪಿರಬೇಕು.

ನಕಲು ಮಾಡುವುದೇ ಆದರೆ ಅಮೆರಿಕದಿಂದ ನಕಲು ಮಾಡಬಹುದಾದ ಒಂದು ಸಂಗತಿಯಿತ್ತು. 1902ರಲ್ಲಿ ನ್ಯೂಯಾರ್ಕಿನ ಶಾಲೆಗಳಲ್ಲಿ ವೈದ್ಯರು ಹೇನು, ಕಜ್ಜಿ, ಕಣ್ಣುಬೇನೆ ಕಂಡ ಮಕ್ಕಳನ್ನೆಲ್ಲ ಮನೆಗೆ ಅಟ್ಟುತ್ತಿದ್ದರು. ಮನೆಯಲ್ಲಿ ಮದ್ದು ಮಾಡುವವರಿಲ್ಲದೆ ಆ ಮಕ್ಕಳು ಬೀದಿಯಲ್ಲಿ ಉಳಿಯುತ್ತಿದ್ದರು. ಆಗ ಲೀನಾ ರೋಜರ್ಸ್ ಎಂಬ ದಾದಿಯನ್ನು ಪ್ರಯೋಗಕ್ಕೆಂದು ನಾಲ್ಕು ಶಾಲೆಗಳಿಗೆ ಕಳಿಸಿದರು. ಆಕೆ ಗಾಯ ತೊಳೆದರು, ಮದ್ದು ಹಚ್ಚಿದರು, ಮನೆಮನೆಗೆ ಹೋಗಿ ತಾಯಂದಿರಿಗೆ ತಿಳಿಹೇಳಿದರು. ಮಕ್ಕಳು ತರಗತಿಗೆ ಮರಳಿದರು. ಆಕೆಯ ಬಳಿ ಶಾಲಾ ದಾದಿಯ ಪ್ರಮಾಣಪತ್ರವಿರಲಿಲ್ಲ, ಏಕೆಂದರೆ ಅಂಥದ್ದೊಂದು ಆಗ ಹುಟ್ಟಿಯೇ ಇರಲಿಲ್ಲ. ನಮ್ಮ ಟ್ರಸ್ಟಿಯವರ ಎದುರು ಕುಳಿತಿದ್ದರೆ ಆ ಮಹಾತಾಯಿಯೂ ಅನುತ್ತೀರ್ಣಳೇ.

ಅಕ್ಕನ ಮಗಳು ಈಗ ಊರಿನಲ್ಲಿದ್ದಾಳೆ, ವಿದೇಶದ ನೇಮಕಾತಿಗೆ ಬೇಕಾದ ಭಾಷಾ ಪರೀಕ್ಷೆಗೆ ಓದುತ್ತಿದ್ದಾಳೆ. ವಾರಕ್ಕೆ ಎರಡು ಮೂರು ಸಲ ಮೇಷ್ಟರ ಫೋನು ಬರುತ್ತದೆ: ‘ಹುಡುಗನೊಬ್ಬ ಬಿದ್ದಿದ್ದಾನೆ, ಸ್ವಲ್ಪ ಬಂದು ಹೋಗು ಮಾರಾಯ್ತಿ.’ ಅವಳು ಕೊಡೆ ಹಿಡಿದು ಓಡುತ್ತಾಳೆ. ಹೊರಗಿನವರನ್ನು ಯಾವ ಲೆಕ್ಕದಲ್ಲಿ ಒಳಗೆ ಬಿಡುತ್ತೀರಿ ಎಂದು ಯಾರೋ ಆಕ್ಷೇಪಿಸಿದ್ದರಿಂದ ಶಾಲೆಯ ಅಭಿವೃದ್ಧಿ ಸಮಿತಿಯಾದ ಎಸ್‌ಡಿಎಂಸಿ ಸಭೆ ಕೂಡಿ, ಅವಳ ಸೇವೆಯನ್ನು ಶಾಲೆಯ ಗೋಡೆಯ ಮೇಲೆ ಬರೆಸಿ ಅಧಿಕೃತಗೊಳಿಸಲು ತೀರ್ಮಾನಿಸಿತು. ಮೇಷ್ಟರು ಚೀಟಿಯಲ್ಲಿ ಅವಳ ಹೆಸರಿನ ಮುಂದೆ ‘ದಾದಿ’ ಎಂದು ಬರೆದುಕೊಟ್ಟಿದ್ದರು. ಬಣ್ಣ ಬಳಿಯುವವನು ಅದನ್ನು ಕೈತಪ್ಪೆಂದು ತಿಳಿದು, ತಾನೇ ತಿದ್ದಿ, ‘ದಾನಿ’ ಎಂದು ಬರೆದಿದ್ದಾನೆ. ಊಟದ ತಟ್ಟೆ ಕೊಟ್ಟವರ ಕೆಳಗೆ, ಗೋಡೆ ಗಡಿಯಾರ ಕೊಟ್ಟವರ ಮೇಲೆ ಈಗ ಅವಳ ಹೆಸರಿದೆ; ಎದುರಿನ ಮೊತ್ತದ ಜಾಗ ಖಾಲಿಯಿದೆ, ಎಷ್ಟೆಂದು ತಿಳಿಸಿದರೆ ಬರೆದುಕೊಡುತ್ತೇನೆ ಎಂದು ಅವನು ಮೊನ್ನೆಯೂ ಬಂದು ಕೇಳಿ ಹೋದನಂತೆ.