‘ನಮ್ಮ ಹುಡುಗಿ’ಗೂ ಕೂಲಿ ಇದೆ

ನಿನ್ನೆ ಸಂಜೆ ಚಿಕ್ಕಮಗಳೂರು ಬಳಿಯ ಆಲ್ದೂರಿನ ಕಡೆಯ ಒಂದು ಕಾಫಿ ತೋಟದಿಂದ ಮನೆಗೆ ಬಂದಾಗಿನಿಂದ ಸಿಟ್ಟು ಇಳಿದಿಲ್ಲ. ರಾತ್ರಿ ಊಟವೂ ಸೇರಲಿಲ್ಲ. ಬರೆದೇ ತೀರಬೇಕು.

ನಮ್ಮ ಬೀದಿಯ ಹುಡುಗಿಯೊಬ್ಬಳು ಬಿಸಿಎ ಮುಗಿಸಿ, ವೆಬ್‌ಸೈಟ್ ವಿನ್ಯಾಸದ ಕೆಲಸವನ್ನು ಸ್ವಂತವಾಗಿ ಮಾಡುತ್ತೇನೆಂದು ಹೊರಟಿದ್ದಾಳೆ. ಆ ತೋಟದವರದ್ದೊಂದು ಹೋಂಸ್ಟೇ ಇದೆ. ಅವರಿಗೆ ತೋರಿಸಲೆಂದು ಎರಡು ವಾರ ಕುಳಿತು ಮೊದಲ ಪುಟವನ್ನು ಸಿದ್ಧಪಡಿಸಿದ್ದಳು. ಒಬ್ಬಳೇ ಹೋಗಲು ಅಳುಕು, ಜೊತೆಗೆ ಬನ್ನಿ ಎಂದಳು. ಹೋದೆ.

ನಾವು ತಲುಪಿದಾಗ ಹಣ್ಣು ತೂಗುವ ಹೊತ್ತು. ಅರೇಬಿಕಾ ಕಾಫಿಯ ಕೊಯ್ಲು ನಡೆಯುತ್ತಿದೆ. ಕಣದ ಅಂಚಿನಲ್ಲಿ ಒಬ್ಬೊಬ್ಬರೇ ಚೀಲ ತಂದು ತಕ್ಕಡಿಯ ಕೊಕ್ಕೆಗೆ ಸಿಕ್ಕಿಸುತ್ತಿದ್ದರು, ರೈಟರು (ತೋಟದ ಗುಮಾಸ್ತರು) ಕಿಲೋ ಕೂಗುತ್ತಿದ್ದರು, ಮಾಲೀಕರು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ‘42’ ಎಂದು ಕೂಗಿದ್ದಕ್ಕೆ ಒಬ್ಬ ಹೆಂಗಸು ‘43 ಇದೆ’ ಎಂದು ನಿಂತುಬಿಟ್ಟಳು. ಚೀಲವನ್ನು ಇನ್ನೊಮ್ಮೆ ತೂಗಿಸಿದರು. ಸರಿಯಾಗಿ 43 ಇತ್ತು. ಮಾಲೀಕರು ತಾವೇ ಹೊಡೆದುಹಾಕಿ ತಿದ್ದಿದರು. ಆ ಒಂದು ಕಿಲೋಗೆ ಅವರು ಕೊಟ್ಟ ಬೆಲೆಯನ್ನು ಕಂಡು ನನಗೆ ನಿಜವಾಗಿಯೂ ಗೌರವ ಹುಟ್ಟಿತು.

ಅದೇ ಮಾಲೀಕರು ಅರ್ಧ ಗಂಟೆಯ ನಂತರ ಜಗಲಿಯಲ್ಲಿ ಇವಳ ಲ್ಯಾಪ್‌ಟಾಪ್ ನೋಡಿದರು. ಮೆಚ್ಚಿದರು, ಮನೆಯವರನ್ನೂ ಕರೆದು ತೋರಿಸಿದರು. ಇವಳು 12,000 ರೂಪಾಯಿ ಎಂದಳು. ‘ದುಡ್ಡಿನ ಮಾತೇಕಮ್ಮ? ನೀನು ನಮ್ಮ ಹುಡುಗಿ. ಇದೊಂದನ್ನು ಮಾಡಿಕೊಡು, ಹತ್ತು ಜನಕ್ಕೆ ನಾನೇ ಹೇಳುತ್ತೇನೆ’ ಎಂದರು.

ಅವಳು ತಲೆಯಾಡಿಸಿದಳು. ಕಾಫಿ ಕುಡಿದು ಬಂದೆವು.

ನಮ್ಮ ಹುಡುಗಿ! ಮಲೆನಾಡಿನಲ್ಲಿ ಹುಟ್ಟಿದವರಿಗೆ ಈ ಮಾತಿನ ತೂಕ ಗೊತ್ತು. ಮದುವೆ ಮನೆಯಲ್ಲಿ ಬಡಿಸಲು ಸೊಂಟ ಕಟ್ಟುವುದು, ಸಾವಿನ ಮನೆಗೆ ಗಂಜಿ ಹೊತ್ತುಕೊಂಡು ಹೋಗುವುದು, ಮಳೆಗಾಲದಲ್ಲಿ ದಾರಿಗೆ ಬಿದ್ದ ಮರವನ್ನು ಕಡಿದು ಸರಿಸುವುದು, ಎಲ್ಲವೂ ಈ ‘ನಮ್ಮ’ ಎಂಬ ಮಾತಿನಿಂದಲೇ ನಡೆದಿದೆ. ಅಂಥ ಮಾತನ್ನು ಕೂಲಿ ತಪ್ಪಿಸಲು ಬಳಸಿದರೆ ನನಗೆ ಮೈ ಉರಿಯುತ್ತದೆ. ಹಣ್ಣು ಕೊಯ್ದವಳ ಒಂದು ಕಿಲೋ ಲೆಕ್ಕಕ್ಕೆ ಬರುತ್ತದೆ, ಇವಳ ಎರಡು ವಾರ ಏಕೆ ಬರುವುದಿಲ್ಲ?

ಆ ಹೋಂಸ್ಟೇಗೆ ಅತಿಥಿಗಳು ಬರುವುದು ಬುಕಿಂಗ್ ಆ್ಯಪ್‌ಗಳಿಂದ. ಅವು ಸಾಮಾನ್ಯವಾಗಿ ಶೇಕಡಾ 15ರಿಂದ 20ರಷ್ಟು ಕಮಿಷನ್ ಹಿಡಿದುಕೊಳ್ಳುತ್ತವೆ. 3,000 ರೂಪಾಯಿಯ ಕೋಣೆಗೆ ಶೇಕಡಾ 15 ಎಂದರೂ ರಾತ್ರಿಗೆ 450 ರೂಪಾಯಿ ಹೋಯಿತು. ಸ್ವಂತ ವೆಬ್‌ಸೈಟ್ ನೋಡಿ ನೇರವಾಗಿ ಫೋನ್ ಮಾಡುವವರಿಂದ 27 ರಾತ್ರಿ ತುಂಬಿದರೆ ಇವಳ 12,000 ಹುಟ್ಟಿಬಿಡುತ್ತದೆ. ಮುಖವನ್ನೇ ನೋಡದ ಕಂಪನಿಗೆ ಕೇಳಿದಷ್ಟು ಕೊಡುತ್ತೇವೆ, ‘ನಮ್ಮ ಹುಡುಗಿ’ಗೆ ಕೊಡಲು ಕೈ ಬರುವುದಿಲ್ಲ.

ಅವಳ ಕೆಲಸವನ್ನು ಹತ್ತಿರದಿಂದ ನೋಡಿದ್ದೇನೆ. ತೋಟದವರ ಹಳೆಯ ಪುಟದಲ್ಲಿ ಒಂದೊಂದು ಫೋಟೊ ಐದಾರು ಎಂಬಿ ಇತ್ತು. ಘಾಟಿಯ ನೆಟ್‌ವರ್ಕ್‌ನಲ್ಲಿ ಅದು ತೆರೆದುಕೊಳ್ಳುವಷ್ಟರಲ್ಲಿ ಅತಿಥಿ ಪಕ್ಕದ ತೋಟದವರಿಗೆ ಫೋನ್ ಮಾಡಿರುತ್ತಾನೆ. ಇವಳು ಒಂದೊಂದನ್ನೂ ಇನ್ನೂರು ಕೆಬಿಯೊಳಗೆ ತಂದಿದ್ದಾಳೆ. ಫೋನ್ ನಂಬರನ್ನು ಮುಟ್ಟಿದರೆ ಕರೆ ಹೋಗುತ್ತದೆ. ಮೊದಲು ಅದು ಚಿತ್ರದೊಳಗೆ ಅಂಟಿಕೊಂಡಿತ್ತು. ಅವರ ಕರಪತ್ರದ ಕನ್ನಡ ಹಳೆಯ ‘ನುಡಿ’ ತಂತ್ರಾಂಶದ ಅಕ್ಷರದಲ್ಲಿದ್ದುದರಿಂದ ಪುಟಕ್ಕೆ ಹಾಕಿದ ಕೂಡಲೇ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಯಿತು. ಎಲ್ಲ ಫೋನ್, ಕಂಪ್ಯೂಟರ್‌ಗಳೂ ಓದಬಲ್ಲ ಯುನಿಕೋಡ್‌ಗೆ ಪರಿವರ್ತಿಸಿ, ಕೆಟ್ಟ ಒತ್ತಕ್ಷರಗಳನ್ನು ಒಂದೊಂದಾಗಿ ಕೈಯಲ್ಲೇ ತಿದ್ದಿದ್ದಾಳೆ. ಇದು ಕೂಲಿಯ ಕೆಲಸವಲ್ಲವೇ?

‘ಹೊಸಬರಿಗೆ ತೋರಿಸಲು ಮಾದರಿ ಬೇಕು, ಒಂದೆರಡನ್ನು ಪುಕ್ಕಟೆ ಮಾಡಿದರೆ ತಪ್ಪೇನು?’ ಎಂದು ಕೆಲವರು ಕೇಳುತ್ತೀರಿ. ನಾನು ಇದೇ ಕೆಲಸ ಶುರು ಮಾಡಿದಾಗ ನನಗೂ ಹೀಗೆಯೇ ಹೇಳಿದ್ದರು. ಮಾದರಿ ಬೇಕು, ಒಪ್ಪುತ್ತೇನೆ. ಅದಕ್ಕೆ ಮಾಲೀಕರೊಬ್ಬರು ಇರಲೇಬೇಕೆಂದಿಲ್ಲ. ನಾನು ಮಾಡಿದ ಮೊದಲ ಪುಟ ಮುಳ್ಳಯ್ಯನಗಿರಿಯದ್ದು: 1,930 ಮೀಟರ್ ಎತ್ತರ, ಹೋಗುವ ದಾರಿ, ಕಡೂರಿನಲ್ಲಿ ರೈಲು ಇಳಿದವರು ಹಿಡಿಯಬೇಕಾದ ಬಸ್. ಯಾರೂ ಹೇಳಿ ಮಾಡಿಸಿದ್ದಲ್ಲ. ಅದನ್ನೇ ತೋರಿಸಿಕೊಂಡು ತಿರುಗಿದೆ. ಪುಕ್ಕಟೆ ಮಾಡಿಸಿಕೊಂಡವರು ಹತ್ತು ಜನಕ್ಕೆ ಹೇಳುವುದು ನಿಜ. ‘ಪುಕ್ಕಟೆ ಮಾಡಿಕೊಡುತ್ತಾಳೆ’ ಎಂಬುದನ್ನೂ ಸೇರಿಸಿಯೇ ಹೇಳುತ್ತಾರೆ. ಆ ಹತ್ತು ಜನವೂ ಅದೇ ದರಕ್ಕೆ ಬರುತ್ತಾರೆ.

ನನಗೆ ದುಡ್ಡು ಕೊಟ್ಟ ಮೊದಲ ಗಿರಾಕಿ ಬಂದದ್ದು ಊರಿನ ಒಂದು ಪ್ರೆಸ್‌ನಿಂದ. ಹೊಸದಾಗಿ ಅಂಗಡಿ, ಕ್ಲಿನಿಕ್ ತೆರೆಯುವವರು ಮೊದಲು ಹೋಗುವುದೇ ಬಿಲ್ ಪುಸ್ತಕ, ವಿಸಿಟಿಂಗ್ ಕಾರ್ಡ್ ಮಾಡಿಸಲು. ಕಾಳುಮೆಣಸಿನ ನರ್ಸರಿಯ ಹಿರಿಯರೊಬ್ಬರು ಬಿಲ್ ಪುಸ್ತಕಕ್ಕೆ ಬಂದಿದ್ದರು. 6,000ಕ್ಕೆ ಮಾತಾಯಿತು. ನಾನು ಬಾಯಿ ಬಿಡುವ ಮೊದಲೇ 3,000 ರೂಪಾಯಿಯನ್ನು ಪ್ರೆಸ್‌ನ ಕವರಿನಲ್ಲಿ ಹಾಕಿ ಮುಂಗಡ ಕೊಟ್ಟರು. ಅವರೂ ನನ್ನನ್ನು ನಮ್ಮ ಹುಡುಗ ಎಂದೇ ಕರೆದರು, ದುಡ್ಡು ಎಣಿಸಿ ಕೊಡುತ್ತಾ. ಆ ಕವರು ಇಂದಿಗೂ ನನ್ನ ಮೇಜಿನ ಖಾನೆಯಲ್ಲಿದೆ.

ಇಷ್ಟು ಬರೆದ ಮೇಲೆ ಇದನ್ನೂ ಹೇಳಬೇಕು. ಎರಡು ವರ್ಷದ ಹಿಂದೆ ಹಾಸನದ ಹುಡುಗನೊಬ್ಬ ನನ್ನ ಕೆಲಸವೊಂದಕ್ಕೆ ನಾಲ್ಕು ಪುಟ ಮಾಡಿಕೊಟ್ಟಿದ್ದ. 2,500 ಕೊಡಬೇಕಿತ್ತು. ‘ನಮ್ಮ ಹುಡುಗ ತಾನೇ, ಮುಂದಿನ ತಿಂಗಳು ನೋಡೋಣ’ ಎಂದಿದ್ದೆ. ಅವನು ಮತ್ತೆ ಕೇಳಲೇ ಇಲ್ಲ, ನಾನೂ ಕೊಡಲಿಲ್ಲ. ನಿನ್ನೆ ಆ ಜಗಲಿಯಲ್ಲಿ ಹುಡುಗಿ ತಲೆಯಾಡಿಸಿದಾಗ ನನಗೆ ಕಂಡದ್ದು ಅವನ ಮುಖ. ರಾತ್ರಿಯೇ ಹಣ ಕಳುಹಿಸಿ, ಕ್ಷಮಿಸು ಎಂದು ಬರೆದೆ. ಓದಿದ್ದಾನೆ, ಉತ್ತರ ಬಂದಿಲ್ಲ.

ಹುಡುಗಿ ಬೆಳಿಗ್ಗೆ ಮನೆಗೆ ಬಂದಿದ್ದಳು. ತೋಟದವರಿಗೆ ಕಳುಹಿಸುವ ಸಂದೇಶವನ್ನು ಇಬ್ಬರೂ ಕುಳಿತು ಬರೆದೆವು: 12,000 ರೂಪಾಯಿ, ಅರ್ಧ ಮುಂಗಡ, ಬದಲಾವಣೆ ಎರಡು ಬಾರಿ, ಡೊಮೈನ್ (ವೆಬ್‌ಸೈಟಿನ ವಿಳಾಸ) ಅವರದೇ ಹೆಸರಿನಲ್ಲಿ, ವರ್ಷದ ನವೀಕರಣದ ಖರ್ಚು ಅವರದೇ. ಕಳುಹಿಸುವಾಗ ಅವಳ ಬೆರಳು ನಡುಗುತ್ತಿತ್ತು. ಅವರು ಒಪ್ಪದಿದ್ದರೆ ಪುಟವನ್ನು ಬೇರೆಯವರಿಗೆ ತೋರಿಸುತ್ತಾಳೆ. ಮೂಡಿಗೆರೆ, ಕಳಸ, ಬೇಲೂರಿನ ಕಡೆ ಹೋಂಸ್ಟೇ, ನರ್ಸರಿ, ಅಂಗಡಿ ಇರುವ ಸ್ನೇಹಿತರು ನನಗೆ ಸಂದೇಶ ಕಳುಹಿಸಿ, ಅವಳನ್ನು ಕರೆದುಕೊಂಡು ಬರುತ್ತೇನೆ. ದರ ಮೇಲೆ ಬರೆದಿದ್ದೇನೆ.