ಎಲ್ ಮೊರ್ರೊ ಬಿದ್ದದ್ದು ಸಮುದ್ರದ ಕಡೆಯಿಂದ ಅಲ್ಲ

ಕ್ಯೂಬಾದ ಹವಾನಾ ಬಂದರಿನ ಬಾಯಿ ಕಾಯುತ್ತಿದ್ದ ಎಲ್ ಮೊರ್ರೊ ಕೋಟೆಯ ಮಾತು ಬಂದಾಗಲೆಲ್ಲ, 1762ರಲ್ಲಿ ಬ್ರಿಟಿಷರ ಮುತ್ತಿಗೆಗೆ ಎದುರು ನಿಂತ ಅದರ ಸ್ಪೇನಿನ ದಳಪತಿ ವೆಲಾಸ್ಕೊನ ಶೌರ್ಯದ ಕತೆ ಬರುತ್ತದೆ. ಬರಲಿ, ಆತ ಅದಕ್ಕೆ ಯೋಗ್ಯ. ಆದರೆ ಆತನನ್ನು ಆ ಇಕ್ಕಟ್ಟಿಗೆ ನೂಕಿದವರ ಬಗ್ಗೆ ಯಾಕೆ ಮಾತೇ ಇಲ್ಲ ಅನ್ನುವುದು ನನ್ನ ತಕರಾರು.

1555ರಲ್ಲಿ ಫ್ರೆಂಚ್ ಕಡಲ್ಗಳ್ಳ ಜಾಕ್ ದ ಸೋರ್ ಹವಾನಾ ಲೂಟಿ ಮಾಡಿ ಸುಟ್ಟಿದ್ದ. ಅಮೆರಿಕದ ಬೆಳ್ಳಿ ತುಂಬಿದ ಹಡಗುಗಳು ಸ್ಪೇನಿಗೆ ಹೊರಡುವ ಮುನ್ನ ಸೇರುತ್ತಿದ್ದದ್ದು ಇದೇ ಬಂದರಿನಲ್ಲಿ. ಹಾಗಾಗಿ 1589ರಲ್ಲಿ ಇಟಲಿಯ ಎಂಜಿನಿಯರ್ ಬತಿಸ್ತಾ ಅಂತೊನೆಲ್ಲಿಯ ಯೋಜನೆಯಂತೆ ಎಲ್ ಮೊರ್ರೊದ ಕೆಲಸ ಶುರುವಾಗಿ 1630ರಲ್ಲಿ ಮುಗಿಯಿತು. ಬಂಡೆ ಕಡಿದು ಕಟ್ಟಿದವರಲ್ಲಿ ಆಫ್ರಿಕಾದಿಂದ ಹಿಡಿದು ತಂದ ಗುಲಾಮರಿದ್ದರು. ಎದುರು ದಡದಲ್ಲಿ ಲಾ ಪುಂತಾ ಕೋಟೆ. ನಡುವೆ ಸರಪಳಿ ಎಳೆದರೆ ಹಡಗಿಗೆ ದಾರಿ ಬಂದ್.

ಆದರೆ ಪಕ್ಕದಲ್ಲೇ ಲಾ ಕಬಾನ್ಯಾ ಗುಡ್ಡವಿತ್ತು. ಕೋಟೆ, ಊರು, ಬಂದರು ಮೂರೂ ಅಲ್ಲಿಂದ ಫಿರಂಗಿಗೆ ಎಟುಕುತ್ತವೆ. ಅಲ್ಲಿ ಗಟ್ಟಿ ಕಾವಲೇ ಇರಲಿಲ್ಲ!

1762ರ ಜೂನ್‌ನಲ್ಲಿ ಬ್ರಿಟಿಷರು ಬಂದರು. ಬಂದರಿನ ಬಾಯಿ ಮುಚ್ಚಲು ಸ್ಪೇನಿನವರು ತಮ್ಮದೇ ಮೂರು ಹಡಗು ಮುಳುಗಿಸಿದರು; ಒಳಗಿದ್ದ ಅವರ ನೌಕಾಪಡೆಯೇ ಸಿಕ್ಕಿಬಿತ್ತು. ಜುಲೈ 1ರಂದು ಮೂರು ಬ್ರಿಟಿಷ್ ಹಡಗುಗಳು ಸಮುದ್ರದಿಂದ ಕೋಟೆಯ ಮೇಲೆ ಗುಂಡು ಸುರಿಸಿದವು. ಎತ್ತರದ ಗೋಡೆಗೆ ಅಂಥ ಪೆಟ್ಟೇನೂ ಬೀಳಲಿಲ್ಲ, ಹಡಗುಗಳೇ ಜರ್ಜರಿತವಾಗಿ ಹಿಂದೆ ಸರಿದವು. ಅಂದರೆ ಕೋಟೆ ತನ್ನ ಕೆಲಸ ಸರಿಯಾಗಿಯೇ ಮಾಡಿತು.

ಅಪಾಯ ಬಂದದ್ದು ನೆಲದ ಕಡೆಯಿಂದ. ಗುಡ್ಡ ಆಗಲೇ ಬ್ರಿಟಿಷರ ಕೈಸೇರಿತ್ತು. ಅಲ್ಲಿ ಬರೀ ಬಂಡೆ, ಹಿಡಿ ಮಣ್ಣಿಲ್ಲ. ಫಿರಂಗಿಗಳಿಗೆ ಮರೆ ಕಟ್ಟಲು ಮಣ್ಣು, ಕುಡಿಯಲು ನೀರು, ಎಲ್ಲವನ್ನೂ ಆ ಬಿಸಿಲಲ್ಲಿ ದೂರದಿಂದ ಹೊತ್ತು ತಂದರು. ಹಳದಿ ಜ್ವರದಿಂದ ಸೈನಿಕರು ಸಾಲುಸಾಲಾಗಿ ಸತ್ತರು. ಆದರೂ ಕೊತ್ತಳದ ಬುಡಕ್ಕೆ ಸುರಂಗ ಕೊರೆದು ಮದ್ದು ತುಂಬಿ ಜುಲೈ 30ರಂದು ಸಿಡಿಸಿದರು. ಬಿರುಕಿನಿಂದ ಒಳನುಗ್ಗಿದವರೊಡನೆ ಕಾದಾಡುತ್ತ ಗಾಯಗೊಂಡ ವೆಲಾಸ್ಕೊ ಮರುದಿನ ತೀರಿಕೊಂಡ. ಆಗಸ್ಟ್‌ನಲ್ಲಿ ಹವಾನಾ ಶರಣಾಯಿತು.

1763ರಲ್ಲಿ ಫ್ಲೋರಿಡಾ ಬಿಟ್ಟುಕೊಟ್ಟು ಹವಾನಾ ವಾಪಸ್ ಪಡೆದ ಸ್ಪೇನ್, ಅದೇ ವರ್ಷ ಲಾ ಕಬಾನ್ಯಾದ ಮೇಲೆ ಕೋಟೆ ಶುರುಮಾಡಿ 1774ಕ್ಕೆ ಮುಗಿಸಿತು. ಮನಸ್ಸು ಮಾಡಿದ್ದಕ್ಕೆ ಹನ್ನೊಂದೇ ವರ್ಷದಲ್ಲಿ ಮುಗಿಯಿತು, ನೋಡಿ.

ಗುಡ್ಡ ಭದ್ರಪಡಿಸುವ ಆದೇಶ ಹೊತ್ತೇ 1761ರಲ್ಲಿ ಬಂದಿದ್ದ ಗವರ್ನರ್ ಹುವಾನ್ ದೆ ಪ್ರಾದೊಗೆ ಸ್ಪೇನಿನಲ್ಲಿ ವಿಚಾರಣೆಯಾಗಿ ಮರಣದಂಡನೆ ವಿಧಿಸಿದರು, ಆಮೇಲೆ ಅದು ಸೆರೆವಾಸಕ್ಕಿಳಿಯಿತು. ಅವನ ತಪ್ಪು ಇಲ್ಲವೆನ್ನುತ್ತಿಲ್ಲ. ಆದರೆ 1630ರಿಂದ ಅಷ್ಟೂ ಕಾಲ ಆ ಗುಡ್ಡವನ್ನು ಕಣ್ಣೆದುರೇ ಇಟ್ಟುಕೊಂಡು ಸುಮ್ಮನಿದ್ದ ಗವರ್ನರ್‌ಗಳನ್ನು, ದುಡ್ಡು ಕೊಡದ ಮ್ಯಾಡ್ರಿಡ್ಡಿನ ದೊರೆಗಳನ್ನು ಯಾವ ನ್ಯಾಯಪೀಠದ ಮುಂದೆಯೂ ನಿಲ್ಲಿಸಲಿಲ್ಲ.