ಹಾಬಿಟ್ ಕೈಗೆ ಫೈರ್‌ಬಾಲ್ ಕೊಟ್ಟವರು ಯಾರು?

ಈಗಷ್ಟೇ ಅಕ್ಕನ ಮನೆಯಿಂದ ಬಂದು ಕೂತಿದ್ದೇನೆ. ತಲೆ ಕೆಟ್ಟಿದೆ. ಬಳ್ಳಾರಿ ಬಿಸಿಲು ತನ್ನ ಕೆಲಸ ತಾನು ಮಾಡುತ್ತಿದೆ, ಅದರ ಮೇಲೆ ನನ್ನ ದೂರಿಲ್ಲ. ದೂರು ಇರುವುದು ಒಬ್ಬ ಹಾಬಿಟ್ ಮೇಲೆ, ಅಂದರೆ ಇಂಗ್ಲಿಷ್ ಲೇಖಕ ಟೋಲ್ಕಿನ್ ಕಥೆಗಳ ಆ ಕುಳ್ಳ, ಸಾಧು ಜನರಲ್ಲೊಬ್ಬನ ಮೇಲೆ. ಇವತ್ತು ನನ್ನ ಕಣ್ಣೆದುರೇ ಅವನು ಫೈರ್‌ಬಾಲ್, ಅಂದರೆ ಮಂತ್ರದ ಬೆಂಕಿ ಉಂಡೆ, ಎಸೆದ.

ಅಕ್ಕನ ಮಗ, ಅವನ ಗೆಳೆಯರು ಭಾನುವಾರ ಟೇಬಲ್ ಸುತ್ತ ಕೂತು ರೋಲ್‌ಪ್ಲೇಯಿಂಗ್ ಆಟ ಆಡುತ್ತಾರೆ. ಒಬ್ಬ ಕಥೆ ನಡೆಸುತ್ತಾನೆ, ಉಳಿದವರು ಒಂದೊಂದು ಪಾತ್ರ ಹಿಡಿಯುತ್ತಾರೆ, ಗೆದ್ದರೋ ಸೋತರೋ ದಾಳ ಹೇಳುತ್ತದೆ. "ಈ ಸಲ ನಿಮ್ಮ ಟೋಲ್ಕಿನ್ ಲೋಕ ಮಾಮಾ, ಬರ್ರಿ" ಅಂದ. ನನ್ನ ಹುಚ್ಚು ನಿಮಗೆಲ್ಲ ಗೊತ್ತೇ ಇದೆ. ಹಾಸ್ಟೆಲ್ ಕಾಲದ ದಿ ಲಾರ್ಡ್ ಆಫ್ ದಿ ರಿಂಗ್ಸ್‌ನ ಮೂರು ಸಂಪುಟಗಳು ಈಗ ಗಮ್‌ಟೇಪಿನ ಮೇಲೆ ನಿಂತಿವೆ. ಒಗ್ಗರಣಿ, ಮಿರ್ಚಿ ಕಟ್ಟಿಸಿಕೊಂಡು ಕುಣಿಯುತ್ತಾ ಹೋದೆ.

ಹಾಬಿಟ್‌ಗಳ ನಾಡು ಶೈರ್‌ನಿಂದ ತಂಡ ಹೊರಟಿತು. ಅದರಲ್ಲಿ ಒಬ್ಬ ಹಾಬಿಟ್, ಐದನೇ ಲೆವೆಲ್ಲಿನ ವಿಜಾರ್ಡ್, ಅಂದರೆ ಮಂತ್ರವಾದಿ, ಅಂತೆ. ದಾರಿಯಲ್ಲಿ ಓರ್ಕ್‌ಗಳು ಅಡ್ಡ ಬಂದವು. ಹಾಬಿಟ್ ಕೈ ಎತ್ತಿದ. ಎಂಟು ದಾಳ ಟೇಬಲ್ ಮೇಲೆ ಉರುಳಿದವು. ಓರ್ಕ್‌ಗಳು ಬೂದಿ. ಆ ಬೂದಿಯಲ್ಲೇ ಕೈಯಾಡಿಸಿ ಚಿನ್ನದ ನಾಣ್ಯ ಹುಡುಕಿದರು. ಬ್ರೀ ಊರಿಗೆ ಹೋಗಿ ಅಂಗಡಿಯಲ್ಲಿ ಮಂತ್ರದ ಕತ್ತಿ ಕೊಂಡರು. ಚೌಕಾಸಿ ಬೇರೆ! ಕೊನೆಗೆ ಒಂದು ಗಾಬ್ಲಿನ್ ಆಯುಧ ಕೆಳಗಿಟ್ಟು ಜೀವ ಉಳಿಸಿ ಅಂತ ಬೇಡಿಕೊಂಡಿತು. ಒಬ್ಬ ಹುಡುಗ ಕೇಳಿದ, "ಇದನ್ನ ಹೊಡೆದ್ರೆ ಎಕ್ಸ್‌ಪಿ ಎಷ್ಟು?" ಎಕ್ಸ್‌ಪಿ ಅಂದರೆ ಅನುಭವದ ಅಂಕ, ಅದು ಕೂಡಿದಂತೆ ಪಾತ್ರದ ಲೆವೆಲ್ ಏರುತ್ತದೆ. ಎಷ್ಟೋ ಒಂದು ಸಂಖ್ಯೆ ಹೇಳಿದರು. ಹೊಡೆದರು.

ನಾನು ಮಾತಾಡಲಿಲ್ಲ. ನನ್ನನ್ನು ಬಲ್ಲವರು ಇದನ್ನು ನಂಬುವುದಿಲ್ಲ, ಇರಲಿ.

ಅಲ್ರಪ್ಪಾ, ಆ ಇಡೀ ಕಥೆ ನಿಂತಿರುವುದೇ ಹೊಡೆಯದೆ ಬಿಟ್ಟ ಒಂದು ಏಟಿನ ಮೇಲೆ. ಕತ್ತಲ ಗುಹೆ. ಬಿಲ್ಬೋ ಅನ್ನುವ ಹಾಬಿಟ್ ಕೈಯಲ್ಲಿ ಕತ್ತಿ, ಬೆರಳಲ್ಲಿ ತೊಟ್ಟವರನ್ನು ಮಾಯ ಮಾಡುವ ಉಂಗುರ. ಆ ಉಂಗುರ ಕಳೆದುಕೊಂಡು ಎದುರಿಗೇ ಕೂತಿರುವ ಗೊಲ್ಲಮ್ ಅನ್ನುವ ಜೀವಿಗೆ ಇವನು ಕಾಣುತ್ತಿಲ್ಲ. ಒಂದೇ ಏಟು ಸಾಕಿತ್ತು. ಬಿಲ್ಬೋಗೆ ಪಾಪ ಅನ್ನಿಸುತ್ತದೆ, ಅವನ ತಲೆಯ ಮೇಲಿಂದ ಹಾರಿ ಓಡಿಹೋಗುತ್ತಾನೆ. ಆ ಉಂಗುರ ದುಷ್ಟ ಸೌರಾನ್ ಮಾಡಿದ್ದು, ಮೌಂಟ್ ಡೂಮ್ ಬೆಟ್ಟದ ಬೆಂಕಿಗೆ ಹಾಕಿದರೆ ಮಾತ್ರ ಅವನು ಸೋಲುತ್ತಾನೆ. ಮುಂದೆ ಆ ಬೆಂಕಿ ಎದುರು ನಿಂತು ಬಿಲ್ಬೋನ ವಾರಸುದಾರ ಫ್ರೋಡೋ ಉಂಗುರ ಬಿಸಾಡುವುದಿಲ್ಲ ಅಂದಾಗ, ಅವತ್ತು ಬದುಕಿದ ಆ ಗೊಲ್ಲಮ್ಮೇ ಬೆರಳು ಕಚ್ಚಿ ಉಂಗುರ ಕಿತ್ತುಕೊಂಡು ಬೆಂಕಿಗೆ ಬೀಳುತ್ತಾನೆ. ಎಕ್ಸ್‌ಪಿ ಲೆಕ್ಕದ ಆಟದಲ್ಲಾದರೆ? ಗೊಲ್ಲಮ್ ಗುಹೆಯಲ್ಲೇ ಸತ್ತಿರುತ್ತಿದ್ದ. ಬಿಲ್ಬೋ ಒಂದು ಲೆವೆಲ್ ಮೇಲೆ ಏರಿರುತ್ತಿದ್ದ. ಸೌರಾನ್ ಗೆದ್ದಿರುತ್ತಿದ್ದ.

ಆ ಲೋಕದಲ್ಲಿ ದೊಡ್ಡವರು ಅನ್ನಿಸಿಕೊಂಡವರೆಲ್ಲ ಬೇಡ ಅಂದವರು. ಫ್ರೋಡೋ ಉಂಗುರ ಕೊಡಲು ಬಂದರೆ ಮಂತ್ರವಾದಿ ಗ್ಯಾಂಡಾಲ್ಫ್ ಹೆದರಿ ಹಿಂದೆ ಸರಿಯುತ್ತಾನೆ. ಎಲ್ಫ್‌ಗಳ ಒಡತಿ ಗಲಾಡ್ರಿಯೆಲ್ ಬೇಡ ಅನ್ನುತ್ತಾಳೆ. ಯೋಧ ಫರಾಮಿರ್ ಬೇಡ ಅನ್ನುತ್ತಾನೆ. ಬೇಕು ಅಂದ ಅವನ ಅಣ್ಣ ಬೊರೊಮಿರ್ ಉಂಗುರಕ್ಕೆ ಕೈ ಹಾಕಿ ಕೊನೆಗೆ ಸತ್ತ. ಇಂಥ ಲೋಕವನ್ನು ತಂದು, ವಾರವಾರಕ್ಕೂ ಶಕ್ತಿ ಜಾಸ್ತಿ ಮಾಡಿಕೊಳ್ಳುತ್ತಾ ಹೋಗುವ ಆಟಕ್ಕೆ ತುರುಕಿದರೆ ಉಳಿಯುವುದೇನು? ಊರಿನ ಹೆಸರುಗಳು, ಒಂದು ನಕ್ಷೆ, ಅಷ್ಟೇ. ಬೇಡ ಅನ್ನುವುದಕ್ಕೆ ಆ ಆಟದಲ್ಲಿ ಒಂದು ಅಂಕ ಕೂಡ ಇಲ್ಲ.

"ಗ್ಯಾಂಡಾಲ್ಫ್ ಕೂಡ ಬೆಂಕಿ ಹಚ್ತಾನಲ್ಲ ಮಾಮಾ" ಅಂತ ಒಬ್ಬ ಬುದ್ಧಿವಂತ. ಹೌದಪ್ಪಾ, ಹಚ್ಚುತ್ತಾನೆ. ಕರಾಡ್ರಾಸ್ ಬೆಟ್ಟದ ಹಿಮದಲ್ಲಿ ಎಲ್ಲರೂ ಸಾಯುವ ಸ್ಥಿತಿ ಬಂದಾಗ, ಬೇರೆ ದಾರಿ ಇಲ್ಲದೆ ಒಂದು ಸೌದೆ ಕಟ್ಟಿಗೆ ಬೆಂಕಿ ತಾಗಿಸುತ್ತಾನೆ. ತಾಗಿಸಿ ಗೊಣಗುತ್ತಾನೆ, ನಾನು ಇಲ್ಲಿದ್ದೇನೆ ಅಂತ ಊರಿಗೆಲ್ಲ ಬರೆದು ಹೇಳಿದ ಹಾಗಾಯಿತು ಅಂತ. ಚಳಿ ಕಾಯಿಸಲು ಹಚ್ಚಿದ ಬೆಂಕಿಗೇ ಅಷ್ಟು ಯೋಚನೆ. ನಮ್ಮ ಹಾಬಿಟ್ ಮಿರ್ಚಿ ಕಡಿಯುತ್ತಾ ಇನ್ನೊಂದು ಫೈರ್‌ಬಾಲ್‌ಗೆ ದಾಳ ಎಣಿಸುತ್ತಿದ್ದ.

ಈ ರೋಗ ಹಳೆಯದು. 1974ರಲ್ಲಿ ಇಂಥ ಆಟಗಳಿಗೆಲ್ಲ ಮೂಲವಾದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಡಿ ಅಂಡ್ ಡಿ) ಬಂದಾಗ ಅದರಲ್ಲಿ ಟೋಲ್ಕಿನ್‌ನ ಹಾಬಿಟ್, ನಡೆದಾಡುವ ಮರದಂಥ ಎಂಟ್, ಬೆಂಕಿಯ ರಾಕ್ಷಸ ಬಾಲ್‌ರಾಗ್ ಎಲ್ಲ ಇದ್ದವು. ಹಕ್ಕುದಾರರ ತಕರಾರು ಬಂದ ಮೇಲೆ ಹಾಬಿಟ್ ಹೋಗಿ ಹಾಫ್‌ಲಿಂಗ್ ಆಯಿತು, ಎಂಟ್ ಟ್ರೀಯೆಂಟ್ ಆಯಿತು. ಆ ಮೊದಲ ಆಟದಲ್ಲಿ ಗಳಿಸಿದ ಚಿನ್ನವೇ ಎಕ್ಸ್‌ಪಿ, ಒಂದು ನಾಣ್ಯಕ್ಕೆ ಒಂದು. ಟೋಲ್ಕಿನ್ ಕಥೆಯಲ್ಲಿ ಚಿನ್ನದ ರಾಶಿ ಮೇಲೆ ಮಲಗುವ ಸ್ಮೌಗ್ ಡ್ರ್ಯಾಗನ್‌ಗೆ ಇದು ಗೊತ್ತಾಗಿದ್ದರೆ ಖುಷಿಪಡುತ್ತಿತ್ತು. 1984ರಲ್ಲಿ ಅಧಿಕೃತವಾಗಿಯೇ ಟೋಲ್ಕಿನ್ ಲೋಕದ, ಅಂದರೆ ಮಿಡಲ್ ಅರ್ಥ್‌ನ, ಒಂದು ಆಟ ಬಂತು, ಮರ್ಪ್ ಅಂತ ಕರೆಯುತ್ತಾರೆ. ನಕ್ಷೆಗಳು, ಊರಿನ ವಿವರಗಳು ಬಹಳ ಚೆನ್ನ, ಅದರಲ್ಲಿ ಎರಡು ಮಾತಿಲ್ಲ. ಆದರೆ ನಿಯಮಗಳು ರೋಲ್‌ಮಾಸ್ಟರ್ ಅನ್ನುವ ಬೇರೆ ಆಟದಿಂದ ಇಳಿದವು. ಪಟ್ಟಿ ಪಟ್ಟಿ ಮಂತ್ರಗಳು. ಗ್ಯಾಂಡಾಲ್ಫೇ ಹಿಂದೆಮುಂದೆ ನೋಡುವ ಲೋಕದಲ್ಲಿ ಹೊಸ ಆಟಗಾರನ ಕೈಗೂ ಮಂತ್ರ.

ಈಗ ನೀವು ಹೇಳುವುದು ಗೊತ್ತು. "ಆಟ ಆಟಾನೇ ಅಲ್ವಾ, ಮಜಾ ಬಂದರೆ ಸಾಕು." ಹುಡುಗರೂ ಅದನ್ನೇ ಹೇಳಿದರು. ಮಜಾ ಮಾಡಿ, ಯಾರು ಬೇಡ ಅಂದರು? ಬೇರೆ ಯಾವುದಾದರೂ ಲೋಕ ಕಟ್ಟಿಕೊಂಡು ಮಾಡಿ. ಟೋಲ್ಕಿನ್ ಹೆಸರು ಹೇಳಿ ನನ್ನನ್ನು ಯಾಕೆ ಕರೆದಿರಿ? "ನಮಗೆ ಗೊತ್ತಿರೋದು ಡಿ ಅಂಡ್ ಡಿ ನಿಯಮ ಒಂದೇ" ಅನ್ನುವುದು ಇನ್ನೊಂದು ನೆಪ. 2016ರಲ್ಲಿ ಅದೇ ಡಿ ಅಂಡ್ ಡಿ ಐದನೇ ಆವೃತ್ತಿಯ ಮೇಲೆಯೇ ಮಿಡಲ್ ಅರ್ಥ್ ಆಟ ಮಾಡಿದರು. ಮಂತ್ರ ಹಾಕುವ ಪಾತ್ರಗಳನ್ನೇ ತೆಗೆದುಹಾಕಿದರು. ದೂರದ ಪಯಣಕ್ಕೆ, ಮನಸ್ಸಿಗೆ ಕವಿಯುವ ಕತ್ತಲೆಗೆ ಹೊಸ ನಿಯಮ ಸೇರಿಸಿದರು. ಮನಸ್ಸಿದ್ದರೆ ಆಗುತ್ತದೆ.

ಅದಕ್ಕೂ ಮೊದಲು, 2011ರಲ್ಲಿ, ಫ್ರಾನ್ಸೆಸ್ಕೋ ನೆಪಿಟೆಲ್ಲೋ ಮಾಡಿದ ದಿ ಒನ್ ರಿಂಗ್ ನೋಡಿ. ಅಲ್ಲಿ ಪಾತ್ರಕ್ಕೆ ಹೋಪ್ ಅಂತ ಒಂದು ಅಂಕ, ಶ್ಯಾಡೋ ಅಂತ ಒಂದು ಅಂಕ. ಕಳ್ಳತನ ಮಾಡಿದರೆ, ಶರಣಾದವನನ್ನು ಕೊಂದರೆ ಶ್ಯಾಡೋ ಏರುತ್ತದೆ. ಅದು ಹೋಪ್ ಮಟ್ಟ ಮುಟ್ಟಿದರೆ ಪಾತ್ರ ಕುಸಿಯತೊಡಗುತ್ತದೆ. ಹನ್ನೆರಡು ಮುಖದ ದಾಳದಲ್ಲಿ ಒಂದು ಕಡೆ ಗ್ಯಾಂಡಾಲ್ಫ್ ಗುರುತು, ಇನ್ನೊಂದು ಕಡೆ ಸೌರಾನ್ ಕಣ್ಣು. ದಾರಿ ನಡೆಯುವುದೇ ಅಲ್ಲಿ ದೊಡ್ಡ ಕೆಲಸ. ದಾರಿ ತೋರಿಸುವವನೊಬ್ಬ, ಬೇಟೆಯವನೊಬ್ಬ, ಮುಂದೆ ಹೋಗಿ ನೋಡಿ ಬರುವವನೊಬ್ಬ, ಕಾವಲಿನವನೊಬ್ಬ. ಸುತ್ತಾಟ ಮುಗಿದ ಮೇಲೆ ಎಲ್ಲರೂ ಎಲ್ಲಾದರೂ ತಂಗಿ ಸುಧಾರಿಸಿಕೊಳ್ಳಲು ಬೇರೆಯೇ ಘಟ್ಟ ಇದೆ. ಆ ಗಾಬ್ಲಿನ್ ಈ ಆಟದಲ್ಲಿ ಸಿಕ್ಕಿದ್ದರೆ ಹುಡುಗರು ಏಟು ಹಾಕುವ ಮೊದಲು ಒಂದು ನಿಮಿಷ ಯೋಚಿಸುತ್ತಿದ್ದರು. ನನಗೆ ಬೇಕಿದ್ದದ್ದು ಆ ಒಂದು ನಿಮಿಷ.

ಇದು ಟೋಲ್ಕಿನ್‌ಗೆ ಮಾತ್ರ ಅಂತಲ್ಲ. ಗ್ರೆಗ್ ಸ್ಟಾಫರ್ಡ್ 1985ರಲ್ಲಿ ಆರ್ಥರ್ ರಾಜನ ಕಥೆಗಳನ್ನು ಪೆಂಡ್ರಾಗನ್ ಆಟ ಮಾಡಿದ. ಅಲ್ಲಿ ನೈಟ್‌ಗೆ, ಅಂದರೆ ಕುದುರೆ ಏರಿದ ಯೋಧನಿಗೆ, ಔದಾರ್ಯ, ಸ್ವಾರ್ಥ ಎರಡಕ್ಕೂ ಅಂಕ ಇದೆ. ಕೆಲವು ಸಲ ಅವನ ನಡತೆಯನ್ನು ಆಟಗಾರನೂ ತಡೆಯಲಾರ. ಚಳಿಗಾಲ ಕಳೆಯುತ್ತದೆ, ನೈಟ್‌ಗೆ ಮದುವೆಯಾಗುತ್ತದೆ, ಮುದುಕನಾಗುತ್ತಾನೆ, ಮಗನನ್ನು ಹಿಡಿದು ಆಟ ಮುಂದುವರಿಸಬೇಕು. ಕಥೆ ಓದಿದವನು ಬರೆದ ನಿಯಮ ಅಂದರೆ ಇದು.

ನಮ್ಮ ಕಡೆ ಬಯಲಾಟದಲ್ಲಿ ವೇಷ ರಂಗಕ್ಕೆ ಬಂದ ಕೂಡಲೇ ಸಾರಥಿ ಕೇಳುವುದು ತಾವು ಯಾರು ಅಂತ. ಯಾರು, ಯಾವ ಊರು, ಯಾಕೆ ಬಂದಿರಿ. ಯುದ್ಧ ಎಲ್ಲ ಆಮೇಲೆ. ಇವತ್ತು ಆ ಟೇಬಲ್ ಸುತ್ತ ಒಬ್ಬನೂ ಆ ಹಾಬಿಟ್‌ನ ಹೆಸರು ಕೇಳಲಿಲ್ಲ. ಡ್ಯಾಮೇಜ್ ಎಷ್ಟು ಅಂತ ಕೇಳಿದರು.

ಇಷ್ಟು ಯಾಕೆ ಉರಿ ಅಂದರೆ, ಹೊಟ್ಟೆಕಿಚ್ಚೂ ಇದೆ ಅಂತ ಇಟ್ಟುಕೊಳ್ಳಿ. ಅವರ ವಯಸ್ಸಿನಲ್ಲಿ ನನಗೆ ಈ ಪುಸ್ತಕದ ಬಗ್ಗೆ ಮಾತಾಡಲು ಈ ಊರಲ್ಲಿ ಒಬ್ಬರೂ ಸಿಕ್ಕಿರಲಿಲ್ಲ. ಬೊರೊಮಿರ್ ಸತ್ತ ಅಂತ ಯಾರ ಹತ್ತಿರ ಅಳುವುದು? ಇವರಿಗೆ ಟೇಬಲ್ ಇದೆ, ಗೆಳೆಯರಿದ್ದಾರೆ, ಬಣ್ಣಬಣ್ಣದ ದಾಳ ಇವೆ. ಇಷ್ಟೆಲ್ಲ ಇಟ್ಟುಕೊಂಡು ಬೂದಿಯಲ್ಲಿ ಚಿಲ್ಲರೆ ಹುಡುಕುತ್ತಾರೆ.

ಈಗ ಹೊಸ ಭಯ ಶುರುವಾಗಿದೆ. ಬಾಗಿಲ ತನಕ ಕಳಿಸಲು ಬಂದ ಅಕ್ಕನ ಮಗ, "ಮುಂದಿನ ಸಲ ಕುಮಾರವ್ಯಾಸ ಇಟ್ಕೊಂಡು ಆಡೋಣ ಮಾಮಾ" ಅಂದ. ಎದೆ ಧಸಕ್ ಅಂತು. ಕರ್ಣ ಕವಚ ಕುಂಡಲ ಕಿತ್ತುಕೊಡುವುದನ್ನು ಇವರು ಏನು ಮಾಡುತ್ತಾರೆ? ಬದಲಿಗೆ ಶಕ್ತ್ಯಾಯುಧ ಬಂತಲ್ಲ, ಎಕ್ಸ್‌ಚೇಂಜ್ ಆಫರ್ ಅನ್ನುತ್ತಾರೆ. ಹೋಗಲಿ, ಕೌರವ ಹೀಯಾಳಿಸಿದಾಗ ವಿದುರ ತನ್ನ ಬಿಲ್ಲನ್ನು ತಾನೇ ಮುರಿದು ಹಾಕುತ್ತಾನಲ್ಲ, ಅದಕ್ಕೆ ನಿಮ್ಮ ನಿಯಮದಲ್ಲಿ ಜಾಗ ಎಲ್ಲಿದೆ? ಮನೆಗೆ ಬಂದವನೇ ವಾಟ್ಸಾಪಿನಲ್ಲಿ ಇದೇ ಪ್ರಶ್ನೆ ಹಾಕಿದೆ.

ಉತ್ತರ ಬಂದಿದೆ. "ಬಿಲ್ಲು ಯಾಕೆ ಮುರೀಬೇಕು ಮಾಮಾ, ಮಾರಿದ್ರೆ ಗೋಲ್ಡ್ ಬರ್ತದಲ್ಲ?"